ಬದಲಿ ನುಡಿಸಿದ ಭಾನುವಾರ

ಟೀಚರಮ್ಮನಿಗೆ ಎಂಬತ್ತೊಂದು ತುಂಬಿದರೂ ಕೋಪ ಮಾತ್ರ ಇನ್ನೂ ಮೂಗಿನ ತುದಿಯಲ್ಲೇ ಇತ್ತು.

"ಸಂಬಳವಂತೆ ಸಂಬಳ! ನಾನೇನು ಕೂಲಿಗೆ ಆರ್ಗನ್ ನುಡಿಸಿದೆನಾ? ಮೂವತ್ತೆಂಟು ವರ್ಷ ದೇವರಿಗೆ ನುಡಿಸಿದ್ದೀನಿ ಕಣೇ!"

"ದೇವರಿಗೇ ನುಡಿಸಿದ್ದೀರಿ, ಯಾರು ಇಲ್ಲ ಅಂದ್ರು? ಆದ್ರೆ ಪಿಂಚಣಿ ಕೊಡೋದು ದೇವರಲ್ಲ ಟೀಚರ್, ಪಿಂಚಣಿ ಆಫೀಸು. ಅವರಿಗೆ ಈ ಫಾರಂ ಬೇಕು."

ಟೀಚರಮ್ಮನಿಗೆ ಹೀಗೆ ಎದುರಾಡುವ ಧೈರ್ಯ ಇದ್ದದ್ದು ಸಂಬಳದಕ್ಕನೊಬ್ಬಳಿಗೇ. ಸುತ್ತಲಿನ ಇಪ್ಪತ್ತಾರು ಚರ್ಚುಗಳಿಗೆ ಹೋಗಿ, ಪಾದ್ರಿಗಳ ಸಂಬಳದಲ್ಲಿ ತೆರಿಗೆ ಎಷ್ಟು ಮುರಿಯಬೇಕು, ಅವರಿಗೆ ಕೊಟ್ಟ ಮನೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು, ಕಸ ಗುಡಿಸುವವರು ನೌಕರರೋ ಅಲ್ಲವೋ ಎಂದು ಹೇಳಿಕೊಡುವುದೇ ಅವಳ ಕೆಲಸ. ಎರಡು ಗಂಟೆ ನಿರರ್ಗಳವಾಗಿ ಪ್ರಸಂಗ ಮಾಡುವ ಪಾದ್ರಿಗಳು ಒಂದು ಫಾರಂ ತುಂಬಿ ಎಂದರೆ ಬೆವರುತ್ತಾರೆ. ಅವರೇ ಇಟ್ಟ ಹೆಸರು ಸಂಬಳದಕ್ಕ. ಟೀಚರಮ್ಮ ಮಾತ್ರ ಈಗಲೂ ಪುಟ್ಟಿ ಎಂದೇ ಕರೆಯುವುದು. ಪುಟ್ಟಿಗೆ ಐವತ್ತೆಂಟು.

ಟೀಚರಮ್ಮ ನುಡಿಸುತ್ತಿದ್ದ ಚರ್ಚಿನ ಹಿಂದಿನ ಹಿರಿಯರು ಕೆಟ್ಟವರೇನಲ್ಲ. ಸಂಬಳ ಎಂದರೆ ಟೀಚರಮ್ಮನಿಗೆ ಅವಮಾನವಾದೀತೆಂದು, ತಿಂಗಳು ತಿಂಗಳು ಕವರಿನ ಮೇಲೆ 'ಪ್ರೀತಿಯ ಕಾಣಿಕೆ' ಎಂದು ಬರೆದು ಕೊಟ್ಟರು. ಆ ಹಾಳು ಮರ್ಯಾದೆಯಿಂದಲೇ ಟೀಚರಮ್ಮನ ಹೆಸರು ನೌಕರರ ಪಟ್ಟಿಗೆ ಏರಲಿಲ್ಲ, ಪಿಂಚಣಿಯೂ ಬರಲಿಲ್ಲ. ಈಗ ತಂಗಿಯ ಮಗಳ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಕಣ್ಣಿಗೆ ಬಿಟ್ಟುಕೊಳ್ಳುವ ಹನಿ ತರಿಸಲೂ ಅವಳ ಮುಂದೆ ಕೈ ಚಾಚಬೇಕು. ಚಾಚಲಾರದೆ ಹೋದ ತಿಂಗಳು ಹನಿ ಬಿಡುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಅದು ತಿಳಿದ ದಿನವೇ ಸಂಬಳದಕ್ಕ ಈ ಫಾರಂ ತರಿಸಿದ್ದು.

ಕವರಿನ ಮೇಲೆ ಏನೇ ಬರೆದಿರಲಿ, ಕೆಲಸ ಕೆಲಸವೇ ಎನ್ನುತ್ತದೆ ನಿಯಮ. ಅದನ್ನು ತೋರಿಸಿಕೊಡಬೇಕು, ಅಷ್ಟೆ. ಎಷ್ಟು ಹೊತ್ತಿಗೆ ಬರಬೇಕೆಂದು ಹೇಳುತ್ತಿದ್ದವರು ಯಾರು? ಪಾದ್ರಿಗಳು. ವಾದ್ಯ ಯಾರದು? ಚರ್ಚಿನದು. ಒಂದೊಂದು ಪ್ರಶ್ನೆಗೂ ಟೀಚರಮ್ಮ ಒಂದೊಂದು ಕಥೆ ಬಿಚ್ಚಿದರು. ಚಳಿಗೆ ಬೆರಳು ಮರಗಟ್ಟಿ ಮಫ್ಲರಿನೊಳಗೆ ಬಿಸಿ ಮಾಡಿದ ಗುಂಡುಕಲ್ಲು ಇಟ್ಟುಕೊಂಡು ಹೋಗುತ್ತಿದ್ದದ್ದು, ಆರ್ಗನ್ನಿನೊಳಗೆ ಇಲಿ ಮರಿ ಹಾಕಿದ್ದು, ದೊಡ್ಡ ಪಾದ್ರಿಗಳು ನೆಗಡಿಯಾಗಿ ಕೆಮ್ಮಿದ್ದನ್ನೇ ಸನ್ನೆಯೆಂದು ತಿಳಿದು ಪ್ರಸಂಗದ ನಡುವೆಯೇ ಕೀರ್ತನೆ ಶುರು ಮಾಡಿಬಿಟ್ಟದ್ದು.

"ಪಾಪ, ಅವರ ಮುಖ ನೋಡಬೇಕಿತ್ತು ನೀನು! ನರಕದ ವರ್ಣನೆ ಅರ್ಧಕ್ಕೇ ನಿಂತುಹೋಯ್ತು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಬತ್ತನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು.

'ನಿಮ್ಮ ಬದಲಿಗೆ ಬೇರೆಯವರನ್ನು ಯಾವಾಗಲಾದರೂ ಕಳಿಸಿದ್ದುಂಟೆ?'

ಉಂಟು ಎಂದರೆ ಮುಗಿಯಿತು. ಬದಲಿ ಕಳಿಸುವವರು ಸ್ವಂತ ಕಸುಬಿನವರು, ನೌಕರರಲ್ಲ, ಅರ್ಜಿ ವಾಪಸ್ಸು. ಇದನ್ನು ಊರೂರು ತಿರುಗಿ ಹೇಳಿಕೊಟ್ಟವಳೇ ಅವಳು. ಉಂಟು ಎನ್ನುವುದೂ ಅವಳಿಗೆ ಗೊತ್ತು, ಏಕೆಂದರೆ ಆ ಬದಲಿ ಅವಳೇ.

ಆಗ ಅವಳಿಗೆ ಹತ್ತೊಂಬತ್ತು, ಟೀಚರಮ್ಮನ ಬಳಿ ಆರ್ಗನ್ ಕಲಿಯುತ್ತಿದ್ದಳು. ಟೀಚರಮ್ಮನ ಬಲಗೈಯ ಎರಡು ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿದ್ದವು. "ನಾನು ಮನೇಲಿ ಮಲಗಿರ್ತೀನಿ, ನೀನು ಹೋಗಿ ನುಡಿಸು" ಎಂದಿದ್ದರು. ಆರ್ಗನ್ನಿದ್ದದ್ದು ಮೇಲಿನ ಅಟ್ಟದಲ್ಲಿ, ಪರದೆಯ ಮರೆಯಲ್ಲಿ. ಅದರ ಹಿಂದೊಂದು ಹಲಗೆಯ ಗೋಡೆ. ಗೋಡೆಯಾಚೆ ನಿಂತು, ಚರ್ಚಿನ ಗಂಟೆ ಹೊಡೆಯುವ ಗಂಟೆಯಣ್ಣ ಮರದ ಹಿಡಿ ಒತ್ತುತ್ತಿದ್ದರೆ ತಿದಿಗೆ ಗಾಳಿ ತುಂಬಿ ಸ್ವರ ಹೊರಡುವುದು. ಎರಡು ಚರಣ ಸರಾಗವಾಗಿ ಹೋಯಿತು. ಮೂರನೆಯದರ ಕೊನೆಯಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟು, ಮುಂದಿನದು ಮರೆತೇಹೋಯಿತು. ಬೆರಳು ಇಟ್ಟಲ್ಲೇ ಇಟ್ಟು ಕೂತಳು. ಆ ಒಂದೇ ಸ್ವರ ಸಾಯದೆ, ನಡುಗದೆ ನಿಂತಿತು. ಕೆಳಗೆ ಜನ ಹಾಡು ನಿಲ್ಲಿಸಿ ಸುಮ್ಮನೆ ಕೇಳಿದರು, ಕೆಲವರು ಕಣ್ಣೊರೆಸಿಕೊಂಡರಂತೆ. ಆಮೇಲೆ ಎಲ್ಲ ನೆನಪಾಗಿ ನಾಲ್ಕನೆಯ ಚರಣಕ್ಕೆ ಇಳಿದಳು. ಬದುಕಿನಲ್ಲಿ ತಾನು ಒಬ್ಬಳೇ ಏನಾದರೂ ದೊಡ್ಡದು ಮಾಡಿದ್ದರೆ ಅದೊಂದೇ ಎಂದು ಅವಳು ನಂಬಿದ್ದಳು.

ಇಲ್ಲ ಎಂದು ಬರೆದರೆ ಕೇಳುವವರಿಲ್ಲ. ದೊಡ್ಡ ಪಾದ್ರಿಗಳೂ ಇಲ್ಲ, ಗಂಟೆಯಣ್ಣನೂ ಇಲ್ಲ. ಆದರೆ ಅವಳು ಈವರೆಗೆ ಯಾವ ಫಾರಂನಲ್ಲೂ ಸುಳ್ಳು ಬರೆದವಳಲ್ಲ. ಮೊದಲ ಸುಳ್ಳಿಗೆ ಆ ಭಾನುವಾರವನ್ನೇ ಕೊಡಬೇಕೆ ಎಂದು ಅಳು ಬಂತು.

"ಯಾಕೆ ಬಾಯಿಗೆ ಬೀಗ ಬಿತ್ತು? ಇಲ್ಲ ಅಂತ ಬರಿ," ಎಂದರು ಟೀಚರಮ್ಮ.

"ಟೀಚರ್, ಒಂದು ಸಲ ನಾನು ನುಡಿಸಿದ್ದೆ. ನಿಮಗೆ ಮರೆತುಹೋಯ್ತಾ?"

"ನನಗ್ಯಾಕೆ ಮರೆಯುತ್ತೆ? ನಾನೂ ಅಲ್ಲೇ ಇದ್ನಲ್ಲ!"

"ಎಲ್ಲಿ?"

"ಗೋಡೆ ಹಿಂದೆ. ಗಂಟೆಯಣ್ಣನ್ನ ಕೆಳಗೆ ಕಳಿಸಿ ಎಡಗೈಯಲ್ಲಿ ನಾನೇ ತಿದಿ ಒತ್ತಿದೆ. ಎದುರಿಗಿದ್ದಿದ್ರೆ ನೀನು ಸಾಲಿಗೊಂದು ಸಲ ತಿರುಗಿ ನನ್ನ ಮುಖ ನೋಡ್ತಿದ್ದೆ."

ಸಂಬಳದಕ್ಕ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಆ ಸ್ವರ..."

"ನೀನು ಮರೆತೆ ಅಂತ ಗೊತ್ತಾಯ್ತು. ಗಂಟೆಯಣ್ಣ ಆಗಿದ್ರೆ ಚರಣ ಮುಗೀತು ಅಂತ ಕೈ ಬಿಡ್ತಿದ್ದ. ನಾನು ಬಿಡಲಿಲ್ಲ. ತೋಳು ಕಿತ್ತುಹೋಗೋ ಹಾಗಾಯ್ತು ನೋಡು! ಆದ್ರೆ ಬೆರಳು ಎತ್ತದೆ ಹಿಡಿದವಳು ನೀನು."

ಮೂವತ್ತೊಂಬತ್ತು ವರ್ಷ ತಾನೊಬ್ಬಳೇ ಎಂದುಕೊಂಡಿದ್ದ ಜಾಗದಲ್ಲಿ ಇನ್ನೊಬ್ಬರು ನಿಂತಿದ್ದರು. ಮೊದಲು ನಾಚಿಕೆಯಾಯಿತು. ತಾಯಿ ಸತ್ತ ಮೇಲೆ ಅವಳಿಗೆ ಯಾರ ಮೇಲೂ ಅಷ್ಟು ಪ್ರೀತಿ ಉಕ್ಕಿರಲಿಲ್ಲ.

"ನೀವು ಆವತ್ತೂ ಕೆಲಸ ತಪ್ಪಿಸಿಯೇ ಇಲ್ಲ, ಗೋಡೆ ಹಿಂದೆ ನಿಂತು ಮಾಡಿದ್ದೀರಿ," ಎಂದು ಹೇಳಿ ಒಂಬತ್ತನೆಯ ಪ್ರಶ್ನೆಯ ಮುಂದೆ ದಪ್ಪ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಕೆಳಗೆ ಆ ಭಾನುವಾರದ ಸಂಗತಿಯನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. ಸಹಿಗೆ ಪೆನ್ನು ಕೊಟ್ಟಳು.

ಟೀಚರಮ್ಮ ಪೆನ್ನು ಹಿಡಿದು ಫಾರಂ ಮೇಲೆ ಬಗ್ಗಿದರು.

"ಪುಟ್ಟಿ, ಮೂವತ್ತೆಂಟು ವರ್ಷಕ್ಕೂ ಪಿಂಚಣಿ ಲೆಕ್ಕ ಹಾಕ್ತಾರಾ?"

"ಹೂಂ, ಪೂರ್ತಿ."

"ಆ ಒಂದು ಭಾನುವಾರ ಮಾತ್ರ ಬಿಟ್ಟುಬಿಡೋಕೆ ಹೇಳು. ಆವತ್ತು ನಾನು ಕೇಳೋಕೆ ಬಂದಿದ್ದೆ."