ಅನ್ಸೆಲ್ಮೊ ಹೆಸರಿಸಿದ ತಂಡ

ಸಾನ್ ಪೆದ್ರೊದಲ್ಲಿ ನನ್ನದೊಂದು ಕ್ಷೌರದಂಗಡಿ. ಭಾನುವಾರ ಬಂತೆಂದರೆ ಬೇಸ್‌ಬಾಲ್ ಮೇಲೆ ಬಾಜಿ ಕಟ್ಟುತ್ತೇನೆ, ಕಣ್ಣು ಮುಚ್ಚಿ ನಮ್ಮೂರ ತಂಡಕ್ಕೇ. ಗೆದ್ದರೆ ಕುಣಿತ, ಸೋತರೆ ಅಂಪೈರಿಗೆ ಬೈಗುಳ. ಗೆಳೆಯ ಅನ್ಸೆಲ್ಮೊ ಹಾಗಲ್ಲ. ಅವನಿಗೆ ಬಾಜಿಯೇ ಹೊಟ್ಟೆಪಾಡು. ಗಾಳಿ ಯಾವ ಕಡೆಗಿದೆ, ಎಸೆತಗಾರನ ಭುಜ ಹೇಗಿದೆ ಎಂದೆಲ್ಲ ಬರೆದುಕೊಂಡು, ಹತ್ತರಲ್ಲಿ ಎಂಟು ಪಂದ್ಯಕ್ಕೆ ಬಾಜಿ ಕಟ್ಟದೆ ಕೈಬಿಡುತ್ತಿದ್ದ. ಕಟ್ಟಿದ ಮೇಲೆ ರೇಡಿಯೊದಲ್ಲಿ ಪಂದ್ಯ ಕೇಳುತ್ತಲೂ ಇರಲಿಲ್ಲ.

"ಅನ್ಸೆಲ್ಮೊ ಹೇಳಿದ್ದು ತಪ್ಪಿದ್ದೇ ಇಲ್ಲ, ಭಾನುವಾರ ಇಲ್ಲಿಗೇ ಬರ್ತಾನೆ, ಬೇಕಾದ್ರೆ ಕೇಳಿ" ಎಂದು ಒಂದು ದಿನ ಅಂಗಡಿಯಲ್ಲಿ ಕೊಚ್ಚಿಕೊಂಡೆ. ಗಡ್ಡ ಬೋಳಿಸಿಕೊಳ್ಳುತ್ತಿದ್ದ ಅಪರಿಚಿತನೊಬ್ಬ ಕಣ್ಣು ತೆರೆದ.

ಮುಂದಿನ ಭಾನುವಾರ ಮಧ್ಯಾಹ್ನ ಅವನು ಇನ್ನೊಬ್ಬನೊಂದಿಗೆ ಬಂದು ಬಾಗಿಲು ಹಾಕಿದ. ಬಾಚಣಿಗೆಗಳ ಪಕ್ಕ ಪಿಸ್ತೂಲು ಇಟ್ಟ. ಕುರ್ಚಿಯಲ್ಲಿ ಅನ್ಸೆಲ್ಮೊ ಇದ್ದ, ಅರ್ಧ ತಲೆಯ ಕೂದಲು ಕತ್ತರಿಸಿಯಾಗಿತ್ತು.

"ಗುರುವೇ, ಇವತ್ತು ಯಾರು ಗೆಲ್ತಾರೆ? ನಿಮ್ಮೂರವರಾ, ರಾಜಧಾನಿಯವರಾ?"

"ಗೊತ್ತಿಲ್ಲ ಸಾರ್. ನೂರಕ್ಕೆ ಐವತ್ತೈದು ಸಲ ನಂದು ಸರಿ ಹೋಗುತ್ತೆ. ಮಿಕ್ಕಿದ್ದು ನಾನೂ ಸೋಲ್ತೀನಿ."

"ಐವತ್ತೈದು ಕಟ್ಕೊಂಡು ನಾನೇನ್ ಮಾಡ್ಲಿ? ನಂಗೆ ಇದೊಂದು ಸಲ ಸಾಕು. ಬೊಗಳು!"

"ಇದು ಕೈಬಿಡೋ ಪಂದ್ಯ ಸಾರ್..."

ಪಿಸ್ತೂಲಿನ ಬಾಯಿ ಅವನತ್ತ ತಿರುಗಿತು.

"ರಾಜಧಾನಿಯವರು" ಎಂದ ಅನ್ಸೆಲ್ಮೊ.

"ತಪ್ಪಿತೋ, ಇಬ್ಬರನ್ನೂ ಮಾತಾಡಿಸೋಕೆ ಬರ್ತೀವಿ."

ಅವರು ಹೋದ ಮೇಲೆ ಕೇಳಿದೆ, "ನಿಜವಾಗ್ಲೂ ಅವರೇ ಗೆಲ್ತಾರೇನೋ?"

"ಬಾಯಿಗೆ ಬಂದಿದ್ದು ಹೇಳ್ದೆ ಕಣೋ."

ನಾಲ್ಕಕ್ಕೆ ರೇಡಿಯೊ ಹಾಕಿದೆವು. ನಮ್ಮೂರು ಸೋಲಲಿ ಎಂದು ಜೀವನದಲ್ಲೇ ಮೊದಲ ಸಲ ಮಾತೆ ಮರಿಯಳನ್ನು ಬೇಡಿಕೊಂಡೆ. ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲೇ ಕುಳಿತಿದ್ದ ಅನ್ಸೆಲ್ಮೊ ನನ್ನ ಮಣಿಕಟ್ಟು ಬಿಗಿಹಿಡಿದಿದ್ದ. ಕೊನೆಯಲ್ಲಿ ನಮ್ಮವನೊಬ್ಬ ಬಾರಿಸಿದ ಚೆಂಡು ಮೇಲೆ ಹೋಯಿತು. ಜನ ಹುಯಿಲೆಬ್ಬಿಸಿದರು. ಮೈದಾನದ ಗೋಡೆ ದಾಟಿದರೆ ನಮ್ಮೂರು ಗೆದ್ದ ಹಾಗೆ. ಗೋಡೆಯ ಹತ್ತಿರ ರಾಜಧಾನಿಯವನೊಬ್ಬ ಹಿಡಿದುಬಿಟ್ಟ. ನಮ್ಮೂರು ಸೋತಿತು.

ಅವನನ್ನು ತಬ್ಬಿಕೊಂಡೆ. ಅವನು ನನ್ನನ್ನು ದೂರ ತಳ್ಳಿದ.

"ಹೆಡ್ಡ, ಇನ್ಮೇಲೆ ಅವರು ಪ್ರತಿ ಭಾನುವಾರ ಬರ್ತಾರೆ."

ಉಳಿದರ್ಧ ಕೂದಲನ್ನೂ ಅವಸರದಲ್ಲಿ ಕತ್ತರಿಸಿದೆ. ಹಿಂಬಾಗಿಲಿಂದ ಹೋದವನು ದೂರದ ಇಗ್ವೇ ಊರಿನ ಬಸ್ಸು ಹತ್ತಿ ಅಲ್ಲಿದ್ದ ಅಕ್ಕನ ಮನೆ ಸೇರಿದ.

ವಾರದ ನಂತರ ಆ ಇಬ್ಬರೂ ರಮ್ ಬಾಟಲಿ ಹಿಡಿದು, ನಗುನಗುತ್ತಾ ಬಂದರು.

"ಗುರು ಎಲ್ಲಯ್ಯಾ?"

"ಊರು ಬಿಟ್ಟ ಸಾರ್."

"ಹಾಗಾದ್ರೆ ನೀನೇ ಹೇಳು."

"ಅವತ್ತು ಜಂಬ ಕೊಚ್ಚಿದ್ದೆ ಸಾರ್. ಅವನೂ ಎಷ್ಟೋ ಸಲ ಸೋತಿದ್ದಾನೆ. ನಂಗಂತೂ ಏನೇನೂ ಗೊತ್ತಿಲ್ಲ."

ಪಿಸ್ತೂಲಿನವನು ಬಾಟಲಿಯನ್ನು ಕನ್ನಡಿಗೆ ಬೀಸಿ ಹೊರಟುಹೋದ. ಅಷ್ಟಕ್ಕೇ ಬಿಟ್ಟರು. ಆದರೂ ಅಂಗಡಿಯ ಮುಂದೆ ಯಾವುದಾದರೂ ಕಾರು ನಿಧಾನಿಸಿದರೆ ಗಿರಾಕಿಯ ಗಂಟಲ ಮೇಲಿನ ಕತ್ತಿಯನ್ನು ನಾನು ಮೆಲ್ಲಗೆ ಎತ್ತಿಬಿಡುತ್ತೇನೆ.