ಒಪ್ಪಿಗೆ ಕೊಡದ ಬಿಳಿ ಕಾರು

ಹುಡುಗಿ ಒಪ್ಪಿದ್ದಳು. ಹುಡುಗಿಯ ತಾಯಿ ಒಪ್ಪಿದ್ದಳು. ನಮ್ಮ ಮನೆಯಲ್ಲಂತೂ ಎಲ್ಲರೂ ಎಂದೋ ಒಪ್ಪಿ ಹೊಸ ಬಟ್ಟೆ ಹೊಲಿಸುವ ಮಾತಾಡುತ್ತಿದ್ದರು. ಮೊಂಡು ಹಿಡಿದು ನಿಂತದ್ದು ಒಂದು ಬಿಳಿ ಕಾರು.

ಕಾರು ಇಲಕಲ್ಲಿನ ಸೀರೆ ವ್ಯಾಪಾರಿ ಫಕ್ರುಸಾಬರದು. ದೂರದ ಸಂಬಂಧದಲ್ಲಿ ಅವರು ನನಗೆ ಮಾಮಾ. ಅವರ ಮಗಳು ಸಾಜಿಯಾ ಅಂಗಡಿಯ ಸೀರೆಗಳನ್ನು ಫೋನಿನಲ್ಲಿ ತೋರಿಸಿ ಊರೂರಿಗೆ ಮಾರುವ ಚುರುಕಿನ ಹುಡುಗಿ. ನಾನು ಅಫ್ಜಲ. ಹುನಗುಂದದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನನ್ನದೊಂದು ಗ್ಯಾರೇಜು. ನನ್ನ ಕೈ ಒಳ್ಳೆಯದು ಎಂದು ಊರು ಹೇಳುತ್ತದೆ; ಬಾಯಿ ಒಳ್ಳೆಯದಲ್ಲ ಎಂದೂ ಅದೇ ಊರು ಹೇಳುತ್ತದೆ. ಎರಡೂ ನಿಜ.

ಆ ಕಾರು ಮನಸ್ಸು ಬಂದಾಗ ಸ್ಟಾರ್ಟ್ ಆಗುತ್ತಿತ್ತು, ಬಾರದಿದ್ದಾಗ ಇಲ್ಲ. ಕೀಲಿ ತಿರುವಿದರೆ ಟಕ್ ಎಂದು ಕೂಡ ಅನ್ನುತ್ತಿರಲಿಲ್ಲ. ಮಾಮಾ ಕೆಳಗಿಳಿದು, ಬಾನೆಟ್ ಎತ್ತಿ, ನಾಲ್ಕು ಬೈಗುಳ ಬೈದು ಮತ್ತೆ ಹತ್ತಿ ಕೂತರೆ ತಟ್ಟನೆ ಸ್ಟಾರ್ಟ್. ಹಾಗಾಗಿ ಇದು ಬೈಸಿಕೊಂಡರೇ ನಡೆಯುವ ಗಾಡಿ ಎಂದು ಅವರ ನಂಬಿಕೆ. ನಿಕಾಹದ ಮಾತೆತ್ತಿದ ದಿನ ಅಂಗಡಿಯ ಗಾದಿಯ ಮೇಲೆ ಕೂತು, ಗಿರಾಕಿಗಳ ಎದುರೇ ಅಂದುಬಿಟ್ಟರು.

“ಮೊದಲ ನನ್ನ ಗಾಡಿ ನೆಟ್ಟಗ ಚಾಲೂ ಆಗೂ ಹಂಗ ಮಾಡು. ಆಮ್ಯಾಲ ನಿಕಾಹದ ಮಾತು. ಒಂದು ಗಾಡಿ ಸಂಬಾಳಸಾಕ ಆಗದಾಂವ ನನ್ನ ಮಗಳನ್ನ ಏನ್ ಸಂಬಾಳಸ್ತೀ?”

ಇದೇನು ದೊಡ್ಡ ಕೆಲಸ ಎಂದುಕೊಂಡೆ. ಮೂರು ಸಲ ಹುನಗುಂದಕ್ಕೆ ಗಾಡಿ ತಂದರು. ಬ್ಯಾಟರಿಯ ತುದಿಗಳನ್ನು ಉಜ್ಜಿದೆ, ವೈರುಗಳನ್ನೆಲ್ಲ ಬೆರಳಿನಿಂದ ಸವರಿ ನೋಡಿದೆ, ಸ್ಟಾರ್ಟರ್ ಬಿಚ್ಚಿ ಕಟ್ಟಿದೆ, ದೋಷ ಹುಡುಕುವ ಕಂಪ್ಯೂಟರ್ ಹಚ್ಚಿದೆ. ಬಿಸಿಲಲ್ಲಿ ನಿಲ್ಲಿಸಿ ನೋಡಿದೆ, ನೆರಳಲ್ಲಿ ನಿಲ್ಲಿಸಿ ನೋಡಿದೆ. ಪ್ರತಿ ಸಲವೂ ಕೀಲಿ ತಿರುವಿದೊಡನೆ ಒಳ್ಳೆಯ ಮನೆತನದ ಗಾಡಿಯ ಹಾಗೆ ಸ್ಟಾರ್ಟ್ ಆಯಿತು.

“ಮಾಮಾ, ಗಾಡ್ಯಾಗ ಏನೂ ಇಲ್ರಿ,” ಎಂದೆ.

“ಏನೂ ಇಲ್ಲಂದ್ರ ನಿಲ್ಲೂದ್ಯಾಕ? ಬಾಗಲಕೋಟ್ಯಾಗ ಒಬ್ಬ ಮೇಸ್ತ್ರಿ ಬ್ಯಾಟರಿ ಬದಲಿ ಮಾಡ್ದಾ, ಸ್ಟಾರ್ಟರ್ ಬದಲಿ ಮಾಡ್ದಾ. ಅಂವಾ ಏನರೆ ಮಾಡ್ದಾ. ನೀ ಬರೇ ಏನೂ ಇಲ್ಲ, ಏನೂ ಇಲ್ಲ ಅಂತೀ.”

ಅಂದು ಸಂಜೆ ಸಾಜಿಯಾ ಫೋನ್ ಮಾಡಿದಳು. “ಒಂದು ಹಳೇ ವೈರ್ ಅಬ್ಬಾನ ಕೈಯಾಗ ಕೊಟ್ಟು, ಇದ ನೋಡ್ರಿ ಕಳ್ಳ, ಕಿತ್ತಿ ಒಗದೇನಿ ಅನ್ನು. ನಂಬ್ತಾರ.”

“ನಾಳೆ ಮತ್ತ ನಿಂತ್ರ?”

“ನಿಲ್ಲೂದ್ರಾಗ ನಿಕಾಹ ಆಗಿರತೈತಿ.”

ನನಗೆ ಸಿಟ್ಟು ನೆತ್ತಿಗೇರಿತು. ಆಗದ ರಿಪೇರಿಯನ್ನು ಆಯಿತು ಅನ್ನುವವನು ನಾನಲ್ಲ, ಮದುವೆಯೇ ಮುರಿದರೂ ಅನ್ನುವುದಿಲ್ಲ ಎಂದು ಕೂಗಿದೆ. “ಹಂಗಿದ್ರ ನಿನ್ನ ನಟ್ ಬಿಚ್ಚೂ ಪಾನಾ ಜೋಡಿನ ಲಗ್ನ ಆಗು. ವಿಜಯಪುರದ ಸಂಬಂಧ ಬಂದೈತಿ, ಹುಡುಗಗ ಸರಕಾರಿ ನೌಕರಿ,” ಎಂದು ಅವಳು ಫೋನ್ ಇಟ್ಟಳು. ಕೂಗಿದ್ದೇನೋ ನಾನೇ, ಆದರೆ ಆ ರಾತ್ರಿ ಊಟ ಸೇರಲಿಲ್ಲ. ಸಾಜಿಯಾ ಇಲ್ಲದ ಬದುಕು ನನಗೆ ಬೇಡವಾಗಿತ್ತು.

ಮರುದಿನ ಮಾಮಾನಿಗೆ ಹೇಳಿದೆ: ಗಾಡಿ ನನ್ನ ಹತ್ತಿರ ಬಂದರೆ ರೋಗ ತೋರಿಸುವುದಿಲ್ಲ, ಗಾಡಿ ಹೋದಲ್ಲಿಗೆ ನಾನೇ ಬರುತ್ತೇನೆ. ವ್ಯಾಪಾರಕ್ಕೆ ಹೋದಾಗಲೇ ಅದು ಹೆಚ್ಚು ಕೈ ಕೊಡುತ್ತಿತ್ತಂತೆ. ಹಾಗೆ ಮುಂದಿನ ವಾರ ಬದಾಮಿಗೆ ಹೊರಟೆವು. ಮಾಮಾ ಗಾಡಿ ನಡೆಸುವವರು, ಪಕ್ಕದಲ್ಲಿ ನಾನು, ಹಿಂದೆ ಸೀರೆಗಳ ಗಂಟಿನ ಜೊತೆ ಅವರ ಹೆಂಡತಿ ಕಾಸಿಂಬಿ ಮಾಮಿ. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ಕೂತೆ. ಅದರ ಸದ್ದಿನಲ್ಲಿ ಒಂದು ಕೊರತೆಯೂ ಇರಲಿಲ್ಲ.

ಬದಾಮಿಯಲ್ಲಿ ಬನಶಂಕರಿ ಎಂಬವರ ಸೀರೆ ಅಂಗಡಿ. ಅವರು ಬೇಕಾದದ್ದನ್ನು ಆರಿಸಿಕೊಂಡರು, ಉಳಿದ ಗಂಟು ಮತ್ತೆ ಹಿಂದಿನ ಸೀಟಿಗೆ ಬಂತು. ನಾವೂ ಹತ್ತಿ ಕೂತೆವು. ಮಾಮಾ ಕೀಲಿ ತಿರುವಿದರು. ಗಾಡಿ ತುಟಿಪಿಟಕ್ ಎನ್ನಲಿಲ್ಲ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಡೆಗೂ ಸಿಕ್ಕಿಬಿತ್ತು!

“ಇಳೀಬ್ಯಾಡ್ರಿ ಮಾಮಾ! ಏನೂ ಮುಟ್ಟಬ್ಯಾಡ್ರಿ, ಹಂಗ ಕೂಡ್ರಿ!”

ಅವರು ಎಂದಾದರೂ ಒಬ್ಬರ ಮಾತು ಕೇಳಿದ್ದುಂಟೆ? ಬಾಗಿಲು ತೆರೆದು, ಕೂತಲ್ಲೇ ಕಾಲಿನಿಂದ ಏನೋ ತಡಕಾಡತೊಡಗಿದರು.

“ತಡೀ, ಎಡಗಾಲಿಂದು ಸಿಗವಲ್ದು.”

“ಏನ್ ಸಿಗವಲ್ದ್ರಿ?”

“ಚಪ್ಪಲಿ. ನೆಲಾ ಕಾದೈತಿ, ಬರಿಗಾಲಿಲೆ ಹೆಂಗ ಇಳೀಲಿ?”

ಬಗ್ಗಿ ನೋಡಿದೆ. ಮಾಮಾನ ಕಾಲು ಬರಿಗಾಲು.

“ಗಾಡ್ಯಾಗ ಚಪ್ಪಲಿ ಯಾಕ ಬಿಟ್ಟೀರಿ?”

ನನ್ನಷ್ಟು ತಿಳಿಗೇಡಿ ಇಲ್ಲವೆಂಬಂತೆ ನೋಡಿದರು. “ಹಿಂದ ಸೀರಿ ಅದಾವಲ್ಲಲೇ! ಸೀರಿ ಇದ್ದಲ್ಲಿ ಯಾರರೆ ಚಪ್ಪಲಿ ಮೆಟ್ಟಿಕೊಂಡು ಕೂಡ್ತಾರೇನು?”

ಖರೆ ಮಾತು. ಸೀರೆ ಹರಡಿದ ಗಾದಿಯ ಮೇಲೆ ಚಪ್ಪಲಿ ಕಾಲಿಡುವ ವ್ಯಾಪಾರಿ ಇಲಕಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ. ಸೀರೆ ಇದ್ದರೆ ಮಾಮಾನಿಗೆ ಕಾರೂ ಗಾದಿಯೇ. ಹತ್ತಿದೊಡನೆ ಚಪ್ಪಲಿ ಬಿಟ್ಟು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದರು; ಅದು ಎಲ್ಲಿ ಹೋಗಿ ಬಿತ್ತೆಂದು ನೋಡುತ್ತಿರಲಿಲ್ಲ. ಹುನಗುಂದಕ್ಕೆ ಬರುವಾಗ ಸೀರೆ ಇಲ್ಲ, ಚಪ್ಪಲಿ ಕಾಲಲ್ಲೇ.

ನಾನು ಓಡಿ ಆ ಕಡೆ ಹೋಗಿ ಕ್ಲಚ್ಚಿನ ಹಿಂದೆ ಕೈ ಹಾಕಿದೆ. ದಪ್ಪ ಅಟ್ಟೆಯ ತೊಗಲಿನ ಚಪ್ಪಲಿ ಪೆಡಲಿನ ಹಿಂದೆ ಬೆಚ್ಚಗೆ ಒರಗಿ ಕೂತಿತ್ತು. ಈ ಗಾಡಿಯಲ್ಲಿ ಕ್ಲಚ್ಚನ್ನು ಪೂರ್ತಿ ತಳದವರೆಗೆ ತುಳಿದರಷ್ಟೇ ಕೀಲಿ ಕೆಲಸ ಮಾಡುವುದು. ಚಪ್ಪಲಿ ಅಡ್ಡ ಬಂದರೆ ಪೆಡಲು ತಳ ಮುಟ್ಟುವುದಿಲ್ಲ, ಗಾಡಿ ಏಳುವುದಿಲ್ಲ. ಮಾಮಾ ಬೈಯಲು ಇಳಿಯುವಾಗ ಚಪ್ಪಲಿ ಹುಡುಕಿ ಮೆಟ್ಟುತ್ತಿದ್ದರು, ಸಿಟ್ಟಿನಲ್ಲಿ ಮೆಟ್ಟಿಕೊಂಡೇ ಹತ್ತುತ್ತಿದ್ದರು, ಗಾಡಿ ಏಳುತ್ತಿತ್ತು. ಬೈಗುಳದ್ದೇನೂ ಪಾತ್ರ ಇರಲಿಲ್ಲ.

ಚಪ್ಪಲಿ ತೆಗೆದು ಸ್ಟಾರ್ಟ್ ಮಾಡಿಸಿದೆ, ಆಯಿತು. ಅಲ್ಲೇ ಇಟ್ಟು ಮಾಡಿಸಿದೆ, ಇಲ್ಲ. ಅಷ್ಟು ದಿನದ ಅವಮಾನವೆಲ್ಲ ಒಮ್ಮೆಗೇ ಉಕ್ಕಿ ಬಂತು.

“ಗಾಡಿ ನೆಟ್ಟಗೈತ್ರಿ ಮಾಮಾ! ಬಡಕೊಂಡ ಬಡಕೊಂಡ ಹೇಳಿದ್ನಿ! ಕೆಟ್ಟಿದ್ದು ಗಾಡಿ ಅಲ್ಲ, ನಿಮ್ಮ ಚಪ್ಪಲಿ!”

ಮೊದಲು ನಕ್ಕವರು ಬನಶಂಕರಿಯವರು. ಆಮೇಲೆ ಚಹಾದಂಗಡಿ, ಆಮೇಲೆ ಇಡೀ ರಸ್ತೆ. ಮಾವನಾಗಬೇಕಾದವರ ಮೂಗಿನೆದುರು ಅವರದೇ ಚಪ್ಪಲಿ ಎತ್ತಿ ಹಿಡಿದು ನಿಂತಿದ್ದೇನೆ ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಮಾಮಾನ ಮುಖ ಕೆಂಪಾಗಿತ್ತು. ಕೀಲಿ ತಿರುವಿ ಗಾಡಿ ಹೊರಡಿಸಿದರು. ಮಾಮಿ ಎರಡೂ ಚಪ್ಪಲಿಗಳನ್ನು ಒಂದು ಚೀಲಕ್ಕೆ ಹಾಕಿ ತೊಡೆಯ ಮೇಲಿಟ್ಟುಕೊಂಡರು.

ಪಟ್ಟದಕಲ್ಲು ಹೋಯಿತು, ಐಹೊಳೆ ಹೋಯಿತು, ಮಾಮಾನ ಬಾಯಿ ತೆರೆಯಲಿಲ್ಲ. ಗಾಡಿ ಗೆದ್ದು ಹುಡುಗಿಯನ್ನು ಕಳಕೊಂಡೆ ಎಂದು ನನ್ನ ಬಾಯಿಯನ್ನು ನಾನೇ ಶಪಿಸಿಕೊಂಡೆ. ಅಮೀನಗಡದಲ್ಲಿ ಅವರು ಗಾಡಿ ನಿಲ್ಲಿಸಿ, ಮಾಮಿಯಿಂದ ಚಪ್ಪಲಿ ಇಸಿದುಕೊಂಡು ಇಳಿದು ಹೋಗಿ, ಕರದಂಟಿನ ದೊಡ್ಡ ಪೆಟ್ಟಿಗೆ ತಂದರು. ಮತ್ತೆ ಕೂತು, ಚಪ್ಪಲಿ ಹಿಂದೆ ಕೊಟ್ಟು, ಕೀಲಿಗೆ ಕೈ ಹಚ್ಚದೆ ಕೇಳಿದರು.

“ಅಷ್ಟು ಮಂದ್ಯಾಗ ಒಂದು ವೈರ್ ತೋರಿಸಿ, ಇದು ಕೆಟ್ಟಿತ್ತು ಅಂದಿದ್ರ ನನ್ನ ಮರ್ಯಾದಿ ಉಳೀತಿತ್ತು. ಯಾಕ ಅನಲಿಲ್ಲ?”

ಇದ್ದದ್ದನ್ನೇ ಅಂದೆ. “ವೈರ್ ನೆಟ್ಟಗಿತ್ರಿ ಮಾಮಾ.”

ಅವರ ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಪೆಟ್ಟಿಗೆಯನ್ನು ಮಾಮಿಗೆ ಕೊಟ್ಟರು. “ಹುನಗುಂದದಾಗ ಇವರ ಮನ್ಯಾಗ ಇಳದು, ಬಾಯಿ ಸಿಹಿ ಮಾಡಿ ಹೋಗೂಣು.”

“ವಿಜಯಪುರದವರು?” ಎಂದರು ಮಾಮಿ, ನನ್ನನ್ನು ಕಾಡಿಸಲೆಂದೇ.

“ಆ ಹುಡುಗ ನಾ ಅಂದಿದ್ದಕ್ಕೆಲ್ಲಾ ಹೂಂ ಅಂತಾನ. ನನ್ನ ಚಪ್ಪಲಿ ಹುಡುಕಿಕೊಡಾಂವ ಅಲ್ಲ.”

ಮಳೆಗಾಲ ಕಳೆದ ಮೇಲೆ ಇಲಕಲ್ಲಿನಲ್ಲಿ ನಿಕಾಹ ಆಯಿತು. ಮದುಮಗನ ಬೂಟು ಬಚ್ಚಿಡುವ ಪದ್ಧತಿಯಂತೆ ನನ್ನ ಹೊಸ ಬೂಟು ಮಾಯವಾಗಿದ್ದವು. ನಾದಿನಿಯರನ್ನು ಕೇಳಿದರೆ, ನಾವು ಬಚ್ಚಿಡುವ ಮೊದಲೇ ಯಾರೋ ಒಯ್ದರು ಎಂದು ಆಣೆ ಮಾಡಿದರು. ಬರಿಗಾಲಲ್ಲೇ ಹೋಗಿ, ಹೂವಿನಿಂದ ಸಿಂಗರಿಸಿದ ಅದೇ ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಸಾಜಿಯಾ, ಅವಳ ಕೈ ಬಿಡದೆ ಮಾಮಿ. ಮಗಳನ್ನು ಹುನಗುಂದಕ್ಕೆ ತಾನೇ ಬಿಟ್ಟು ಬರುತ್ತೇನೆಂದು ಮಾಮಾ ಹಟ ಹಿಡಿದು ಗಾಡಿ ನಡೆಸಲು ಕೂತಿದ್ದರು.

ಕೀಲಿ ತಿರುವಿದರು. ಗಾಡಿ ಸುಮ್ಮನಿತ್ತು.

ನೆರೆದವರೆಲ್ಲ ನನ್ನನ್ನೇ ನೋಡಿದರು. ನಾನು ಬಗ್ಗಿ ಕೈ ಚಾಚಿದೆ. ಕ್ಲಚ್ಚಿನ ಹಿಂದೆ ನನ್ನ ಹೊಸ ಬೂಟು. ಗೆದ್ದ ಖುಷಿಯಲ್ಲಿ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಮಾಮಾನ ಮುಖ ಕಂಡಿತು. ಈ ಸಲ ಅವರು ನಗುತ್ತಿರಲಿಲ್ಲ.

“ಮಗಳು ಇನ್ನ ಒಂದ ಘಳಿಗಿ ನಿಂದ್ರಲಿ ಅಂತ ಇಟ್ಟೇನಪಾ,” ಎಂದರು, ನನಗೊಬ್ಬನಿಗೇ ಕೇಳುವಂತೆ.

ಬೂಟನ್ನು ಇದ್ದಲ್ಲೇ ಒತ್ತಿ ಇಟ್ಟು ಮೇಲೆದ್ದೆ.

“ವೈರ್ ಕೆಟ್ಟೈತ್ರೀ ಮಾಮಾ,” ಎಂದೆ, ಎಲ್ಲರಿಗೂ ಕೇಳುವಂತೆ ಜೋರಾಗಿ. “ಇದು ಜಲ್ದಿ ಆಗೂ ಕೆಲಸಲ್ಲ. ಎಲ್ಲಾರೂ ಇಳದು ಚಾ ಕುಡೀರಿ.”

ಸಾಜಿಯಾ ಹಿಂದಿನಿಂದ ನನ್ನನ್ನೇ ನೋಡಿದಳು. ಆಮೇಲೆ ಬಾಗಿಲು ತೆರೆದು ಇಳಿದು, ಅಪ್ಪನ ಕೈ ಹಿಡಿದುಕೊಂಡು ಮನೆಯೊಳಗೆ ಹೋದಳು.