ಹಲವು ಮಕ್ಕಳ ತಾಯಿ ಬೇರು

ನಾನು ಕೋಡಿಬಾಗದ ಮನೆಗೆ ಸೊಸೆಯಾಗಿ ಬಂದದ್ದು ಉಪ್ಪಿನ ಸತ್ಯಾಗ್ರಹದ ಮರುವರ್ಷ. ದೋಣಿ ದಡಕ್ಕೆ ಬಂದ ಕೂಡಲೇ ಅತ್ತೆ ಕಾಮಿ ಬುಟ್ಟಿಗೆ ಮೀನು ತುಂಬಿಕೊಂಡು ಕಾರವಾರದ ಪೇಟೆಗೆ ಹೊರಡುತ್ತಿದ್ದಳು. ಅವಳ ಕೂಗು ಬೀದಿಯ ಆ ತುದಿಯಿಂದಲೇ ಕೇಳಿಸುತ್ತಿತ್ತು. ಈಗಲೂ ಬಂಗಡೆ ಮಾರುವವರ ದನಿ ಕೇಳಿದರೆ ನಾನು ಸುಮ್ಮನೆ ಬಾಗಿಲಿಗೆ ಬಂದು ನಿಲ್ಲುತ್ತೇನೆ.

ನಾನು ಬಸುರಾದ ವರ್ಷ ಅತ್ತೆ ಪೇಟೆಗೆ ಹೋಗುವುದನ್ನು ಬಿಟ್ಟಳು. ಮಾಗಿಯ ಚಳಿಯಲ್ಲೂ ಮೈಯೆಲ್ಲ ಉರಿ ಎಂದು ಸೆರಗು ಬೀಸಿಕೊಳ್ಳುವಳು. ಬೆವರಿಗೆ ಸೀರೆ ಒದ್ದೆಯಾಗುವುದು. ಸಾರಿಗೆ ಉಪ್ಪು ಕಡಿಮೆಯಾದರೆ ನನ್ನ ಮೇಲೆ ಹರಿಹಾಯುವಳು, ಮರುಗಳಿಗೆಗೆ ತಾನೇ ಕಣ್ಣೀರು ಹಾಕುವಳು. ಮಾವ ಜಟ್ಟಪ್ಪ ಯಾವುದೋ ಗಾಳಿ ಸೋಂಕಿದೆಯೆಂದು ತಾಯಿತ ಕಟ್ಟಿಸಿದರು. ಅದರಿಂದ ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಬಾವಿಯ ಹಿಂದೆ ಒಬ್ಬಳೇ ಕೂತು ಹಸಿ ಪಪ್ಪಾಯಿ ತಿನ್ನುತ್ತಿದ್ದುದನ್ನು ಕಂಡೆ. ಗರ್ಭ ಇಳಿದುಹೋಗುತ್ತದೆಂದು ನನಗೆ ಅದನ್ನು ಮುಟ್ಟಲೂ ಬಿಡದಿದ್ದವಳು ಅವಳೇ. ನನ್ನನ್ನು ಕಂಡದ್ದೇ ಹೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು:

"ನಂಗೂ ನಿಂತದೆ, ದುರ್ಗಿ. ಸೊಸೆ ಹೆರೂ ಹೊತ್ತಿಗೆ ಅತ್ತೆನೂ ಹೆರೂಕೆ ಕೂತ್ರೆ ಜನ ಎಂತ ಹೇಳೂದು?"

ಅವಳು ಮುಟ್ಟಾಗಿ ಹೊರಗೆ ಕೂತು ತಿಂಗಳುಗಳೇ ಆಗಿದ್ದವೆಂಬುದು ನನಗೆ ಆಗ ಹೊಳೆಯಿತು. ಬಾಯಿ ಬಿಡಬೇಡ ಎಂದಳು. ಆದರೆ ನನಗೆ ಹೆದರಿಕೆ. ಭಾನುವಾರದ ಸಂತೆಗೆ ಅಂಕೋಲೆಯಿಂದ ಗಂಗಕ್ಕ ಬಂದಾಗ ಅವಳ ಕಿವಿಗೆ ಹಾಕಿದೆ. ಗಂಗಕ್ಕ ಅತ್ತೆಯ ತವರೂರಿನವಳು, ಬೇಸಾಯದ ಮನೆಯವಳು, ಬೇರು ನಾರಿನ ಮದ್ದು ಬಲ್ಲವಳು, ಅತ್ತೆಯ ಚಿಕ್ಕಂದಿನ ಗೆಳತಿ. ಬದನೆ, ಬಸಳೆ ಮಾರಿ ಮುಗಿಸಿ ನಮ್ಮಲ್ಲಿ ಗಂಜಿ ಉಂಡೇ ಬಸ್ಸು ಹತ್ತುತ್ತಿದ್ದಳು.

ಅವಳು ಅತ್ತೆಯನ್ನು ಒಳಗೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದಳು. ಉರಿ ಯಾವಾಗ ಏಳುತ್ತದೆ, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿದಳು. ಆಮೇಲೆ ಕೈ ಹಿಡಿದುಕೊಂಡಳು.

"ಬಸುರಲ್ಲ ಕಾಮಿ. ಮುಟ್ಟು ಹೋಗೂ ಕಾಲ. ನಂಗೂ ಹೋದ ಮಳೆಗಾಲದಲ್ಲಿ ಹೀಗೇ ಆಗಿತ್ತು."

ಅತ್ತೆ ನಿಟ್ಟುಸಿರು ಬಿಟ್ಟು ನಗುತ್ತಾಳೆಂದುಕೊಂಡಿದ್ದೆ. ಅವಳು ಗೋಡೆಗೆ ಮುಖ ತಿರುಗಿಸಿ ಬಹಳ ಹೊತ್ತು ಅತ್ತಳು. ಬೇಡವೆಂದು ಪಪ್ಪಾಯಿ ತಿಂದವಳಿಗೆ ಇಲ್ಲದ ಆ ಮಗುವಿನ ಮೇಲೆ ಯಾವಾಗಲೋ ಆಸೆ ಹುಟ್ಟಿಬಿಟ್ಟಿತ್ತು. ಅವಳಿಗೆ ಉಳಿದವನು ನನ್ನ ಗಂಡ ಬೀರಾ ಒಬ್ಬನೇ. ಅವನ ಹಿಂದೆ ಮುಂದೆ ಹುಟ್ಟಿದವರು ತೊಟ್ಟಿಲಲ್ಲೇ ಹೋಗಿದ್ದರು.

ಮುಂದಿನ ಸಂತೆಗೆ ಗಂಗಕ್ಕ ಬೇಲಿಯ ಪೊದೆಯಿಂದ ಅಗೆದ ಬೇರು ತಂದಳು. ಒಂದೇ ಬುಡಕ್ಕೆ ಬೆರಳಿನಂಥ ಬಿಳಿ ಬೇರುಗಳು ಗೊಂಚಲಾಗಿ ಜೋತಿದ್ದವು. ಅದರ ಹೆಸರು ಹಲವು ಮಕ್ಕಳ ತಾಯಿ ಬೇರು ಎಂದಾಗ ಅತ್ತೆಗೆ ನಗು ಬಂತು. ಮಕ್ಕಳು ಮುಗಿದವಳಿಗೆ ಒಳ್ಳೆ ಮದ್ದು ತಂದೆ ಎಂದಳು. ಬೇರನ್ನು ಜಜ್ಜಿ ಹಾಲಿನಲ್ಲಿ ಕುದಿಸಿ ಕುಡಿಯಬೇಕು, ಉರಿ ಎದ್ದಾಗ ಮುರುಗಲು ಹಣ್ಣಿನ ಹುಳಿ ಸಿಪ್ಪೆಯ ಪಾನಕ, ಊಟಕ್ಕೆ ಒಂದೆಲಗದ ತಂಬುಳಿ, ಆಗಾಗ ಎಳ್ಳು ಬೆಲ್ಲ. ಇದರಿಂದ ಎಲ್ಲ ಹೋಗುತ್ತದೆಂದು ಗಂಗಕ್ಕ ಹೇಳಲಿಲ್ಲ. ಅರ್ಧ ಮದ್ದಿನಿಂದ ಹೋಗುತ್ತದೆ, ಉಳಿದದ್ದು ಕಾಲ ಕಳೆದಂತೆ ತಾನೇ ಹೋಗುತ್ತದೆ ಎಂದಳು. ಹಾಗೆಯೇ ಆಯಿತು.

ನನಗೆ ಹೆಣ್ಣು ಮಗು ಹುಟ್ಟಿತು. ಎದೆಹಾಲು ಹೆಚ್ಚಲೆಂದು ನನಗೂ ಗಂಗಕ್ಕ ಅದೇ ಬೇರು ಹೇಳಿದಳು. ಬೆಳಿಗ್ಗೆ ಅತ್ತೆ ಒಂದೇ ಪಾತ್ರೆಯಲ್ಲಿ ಕುದಿಸಿ ಎರಡು ಲೋಟಕ್ಕೆ ಬಗ್ಗಿಸುವಳು. ಇಬ್ಬರೂ ಒಲೆಯ ಮುಂದೆ ಕೂತು ಕುಡಿಯುತ್ತಿದ್ದೆವು. ನಾನು ಆ ಮನೆಗೆ ನಿಜವಾಗಿ ಸೇರಿಕೊಂಡದ್ದು ಆ ಬೆಳಗುಗಳಲ್ಲಿ. ಮಗುವನ್ನು ಮೀಯಿಸುವಾಗ ಉರಿ ಎದ್ದರೆ ಕೂಸನ್ನು ನನ್ನ ಮಡಿಲಿಗೆ ಕೊಟ್ಟು ಬಾಗಿಲ ಗಾಳಿಗೆ ನಿಂತು, ಮತ್ತೆ ಬಂದು ಎತ್ತಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಅತ್ತೆ ನನ್ನನ್ನೂ ಕೂಸನ್ನೂ ಅಂಕೋಲೆಗೆ ಕರೆದುಕೊಂಡು ಹೋದಳು. ಗಂಜಿ ಯಾರು ಬೇಯಿಸುತ್ತಾರೆ ಎಂದು ಮಾವ ಗೊಣಗಿದರು. ಇನ್ನು ನನಗೆ ಮುಟ್ಟಿಲ್ಲ ಮೈಲಿಗೆಯಿಲ್ಲ, ಬೇಕಾದಾಗ ಹೊರಡುತ್ತೇನೆ ಎಂದು ಅವಳು ಬಸ್ಸು ಹತ್ತಿದಳು. ಗಂಗಕ್ಕನ ಅಂಗಳದಲ್ಲಿ ಗೆಳತಿಯರಿಬ್ಬರೂ ಕಾಲು ಚಾಚಿ ಕೂತು ಇಶಾಡ ಮಾವಿನಹಣ್ಣು ಚೀಪುತ್ತಿದ್ದರು. ರಸ ಮೊಣಕೈವರೆಗೆ ಇಳಿಯುತ್ತಿತ್ತು. ನನ್ನ ಮಗಳು ಅವರ ನಡುವೆ ಮಲಗಿ ಕೈಕಾಲು ಆಡಿಸುತ್ತಿದ್ದಳು.